ಅನಲಾಗ್ ಕಮ್ಯುನಿಕೇಷನ್: ಎಲ್ಲವೂ ಒಂದೇ ಗುಣಾಕಾರದಿಂದ ಶುರು

ಪ್ರಶ್ನೆ: ಸರ್, ನಾನು ಎಂಜಿನಿಯರಿಂಗ್ ಎರಡನೇ ವರ್ಷದಲ್ಲಿದ್ದೇನೆ. ಈ ಸೆಮಿಸ್ಟರ್‌ನಲ್ಲಿ ಅನಲಾಗ್ ಕಮ್ಯುನಿಕೇಷನ್ ಇದೆ. ಎಎಂ (ಆಂಪ್ಲಿಟ್ಯೂಡ್ ಮಾಡ್ಯುಲೇಷನ್), ಡಿಎಸ್‌ಬಿ (ಡಬಲ್ ಸೈಡ್‌ಬ್ಯಾಂಡ್), ಎಸ್‌ಎಸ್‌ಬಿ (ಸಿಂಗಲ್ ಸೈಡ್‌ಬ್ಯಾಂಡ್), ಎಫ್‌ಎಂ (ಫ್ರೀಕ್ವೆನ್ಸಿ ಮಾಡ್ಯುಲೇಷನ್) ಅಂತ ಒಂದೊಂದಕ್ಕೂ ಬೇರೆ ಸಮೀಕರಣ, ಬೇರೆ ಸರ್ಕ್ಯೂಟ್. ಎಲ್ಲವನ್ನೂ ಬಾಯಿಪಾಠ ಮಾಡಿದ್ದೇನೆ. ಆದರೆ ಪ್ರಶ್ನೆಯನ್ನು ಸ್ವಲ್ಪ ತಿರುಗಿಸಿ ಕೇಳಿದರೂ ತಲೆ ಓಡುವುದಿಲ್ಲ. ಎಎಂನಲ್ಲಿ ಪವರ್ ದಂಡ ಅಂತ ಪುಸ್ತಕವೇ ಹೇಳುತ್ತದೆ. ಹಾಗಿದ್ದ ಮೇಲೆ ಅದನ್ನು ಯಾಕೆ ಬಳಸಿದರು? ಈಗಂತೂ ಎಲ್ಲ ಡಿಜಿಟಲ್. ಇದನ್ನು ಯಾಕೆ ಓದಬೇಕು, ಹೇಗೆ ಓದಬೇಕು?

ಉತ್ತರ: ನಿಮ್ಮ ಪ್ರಶ್ನೆಯೊಳಗೇ ಒಂದು ಒಳ್ಳೆಯ ಪ್ರಶ್ನೆ ಇದೆ. "ಪವರ್ ದಂಡ ಆಗುವುದಾದರೆ ಯಾಕೆ ಬಳಸಿದರು?" ಇದನ್ನು ಬಿಡದೆ ಹಿಡಿದುಕೊಂಡು ಹೋದರೆ ಅರ್ಧ ಸಿಲಬಸ್ ತಾನಾಗಿಯೇ ಬಿಚ್ಚಿಕೊಳ್ಳುತ್ತದೆ. ನಾನು ಈ ವಿಷಯ ಪಾಠ ಮಾಡುವಾಗ ಅಲ್ಲಿಂದಲೇ ಶುರು ಮಾಡುತ್ತೇನೆ.

ಮೊದಲು ಮಾಡ್ಯುಲೇಷನ್, ಅಂದರೆ ಮಾತನ್ನು ಎತ್ತರದ ಫ್ರೀಕ್ವೆನ್ಸಿಯ ತರಂಗದ ಮೇಲೆ ಹೊರಿಸುವುದು, ಯಾಕೆ ಬೇಕು ಅನ್ನುವುದನ್ನು ಬೇಗ ಮುಗಿಸೋಣ. 3 ಕಿಲೋಹರ್ಟ್ಸ್‌ನ ತರಂಗದ ಉದ್ದ 100 ಕಿಲೋಮೀಟರ್. ಅದನ್ನು ಸರಿಯಾಗಿ ಹೊರಗೆ ಚೆಲ್ಲಬೇಕಾದರೆ ಆಂಟೆನಾ ಅದರ ಕಾಲು ಭಾಗದಷ್ಟಾದರೂ ಇರಬೇಕು, ಅಂದರೆ 25 ಕಿಲೋಮೀಟರ್. ಅದು ಆಗುವ ಮಾತಲ್ಲ. ಅದೇ ಮಾತನ್ನು 1 ಮೆಗಾಹರ್ಟ್ಸ್‌ಗೆ ಏರಿಸಿದರೆ 75 ಮೀಟರ್ ಸಾಕು, 100 ಮೆಗಾಹರ್ಟ್ಸ್‌ನಲ್ಲಿ 75 ಸೆಂಟಿಮೀಟರ್. ಜೊತೆಗೆ, ಎಲ್ಲರ ಮಾತೂ ಒಂದೇ ಫ್ರೀಕ್ವೆನ್ಸಿಯಲ್ಲಿದ್ದರೆ ಒಬ್ಬರ ಮೇಲೆ ಇನ್ನೊಬ್ಬರು ಬೀಳುತ್ತಾರೆ. ಹಾಗಾಗಿ ಮಾತನ್ನು ಮೇಲೆತ್ತಬೇಕು, ಒಬ್ಬೊಬ್ಬರನ್ನು ಒಂದೊಂದು ಜಾಗಕ್ಕೆ ಕಳಿಸಬೇಕು.

ಮೇಲೆತ್ತುವುದು ಹೇಗೆ? ಗುಣಿಸುವುದರಿಂದ. ಎರಡು ಕೋಸೈನ್‌ಗಳನ್ನು ಗುಣಿಸಿದರೆ ಎರಡು ಹೊಸ ಕೋಸೈನ್ ಸಿಗುತ್ತವೆ: ಒಂದು ಫ್ರೀಕ್ವೆನ್ಸಿಗಳ ಮೊತ್ತದಲ್ಲಿ, ಇನ್ನೊಂದು ವ್ಯತ್ಯಾಸದಲ್ಲಿ. ಪಿಯುಸಿಯಲ್ಲಿ ಕಲಿತ ಆ ತ್ರಿಕೋನಮಿತಿಯ ಸೂತ್ರ ಇದೇ. 1 ಕಿಲೋಹರ್ಟ್ಸ್‌ನ ಸ್ವರವನ್ನು 1000 ಕಿಲೋಹರ್ಟ್ಸ್‌ನ ಕ್ಯಾರಿಯರ್‌ನಿಂದ, ಅಂದರೆ ಮಾತನ್ನು ಹೊರುವ ತರಂಗದಿಂದ, ಗುಣಿಸಿದರೆ 999 ಮತ್ತು 1001 ಬರುತ್ತವೆ. ಇವೇ ಕೆಳಗಿನ ಮತ್ತು ಮೇಲಿನ ಸೈಡ್‌ಬ್ಯಾಂಡ್. 1000 ಅಲ್ಲಿ ಇಲ್ಲವೇ ಇಲ್ಲ ನೋಡಿ. ಸುಮ್ನೆ ಗುಣಿಸಿದರೆ ಕ್ಯಾರಿಯರ್ ಉಳಿಯುವುದಿಲ್ಲ. ಅದಕ್ಕೇ ಇದರ ಹೆಸರು ಡಬಲ್ ಸೈಡ್‌ಬ್ಯಾಂಡ್ ಸಪ್ರೆಸ್ಡ್ ಕ್ಯಾರಿಯರ್. ನನ್ನ ಪ್ರಕಾರ ಪಾಠ ಇಲ್ಲಿಂದಲೇ ಶುರುವಾಗಬೇಕು. ಹೆಚ್ಚಿನ ಪುಸ್ತಕಗಳು ಎಎಂ ಅನ್ನು ಮೊದಲು ಇಡುತ್ತವೆ. ಇತಿಹಾಸಕ್ಕೆ ಅದು ಸರಿ, ಆದರೆ ಕಲಿಯುವವರಿಗೆ ಅಲ್ಲೇ ಗೊಂದಲ ಶುರುವಾಗುತ್ತದೆ.

ಈಗ ಇನ್ನೊಂದು ತುದಿಯಲ್ಲಿರುವ ರಿಸೀವರ್‌ನ ಜಾಗದಲ್ಲಿ ನಿಂತು ನೋಡಿ. ಮೇಲೆತ್ತಿದ್ದನ್ನು ಇಳಿಸಲು ಅದೂ ಗುಣಿಸಬೇಕು. 999 ಮತ್ತು 1001 ಅನ್ನು ಮತ್ತೆ 1000ದಿಂದ ಗುಣಿಸಿದರೆ 1 ಬರುತ್ತದೆ, ಜೊತೆಗೆ 1999 ಮತ್ತು 2001 ಬರುತ್ತವೆ. ಒಂದು ಲೋ ಪಾಸ್ ಫಿಲ್ಟರ್ ಹಾಕಿ ದೊಡ್ಡವನ್ನು ತೆಗೆದರೆ ನಮ್ಮ ಸ್ವರ ವಾಪಸ್. ತುಂಬಾ ಸುಲಭ ಅನಿಸುತ್ತದೆ, ಅಲ್ವಾ? ತೊಂದರೆ ಇರುವುದು "1000ದಿಂದ" ಅನ್ನುವ ಆ ಒಂದು ಮಾತಿನಲ್ಲಿ. ಆ 1000 ರಿಸೀವರ್‌ಗೆ ಎಲ್ಲಿಂದ ಬರಬೇಕು? ಕಳಿಸುವವರು ಕ್ಯಾರಿಯರನ್ನು ಕಳಿಸಿಯೇ ಇಲ್ಲ. ರಿಸೀವರ್ ತನ್ನದೇ ಆಸಿಲೇಟರ್‌ನಿಂದ ಅದನ್ನು ಹುಟ್ಟಿಸಬೇಕು, ಅದೂ ಅದೇ ಫ್ರೀಕ್ವೆನ್ಸಿ, ಅದೇ ಫೇಸ್‌ನಲ್ಲಿ, ಅಂದರೆ ಏರಿಳಿತವೂ ಅದೇ ಕ್ಷಣಕ್ಕೆ ಸರಿಯಾಗಿ.

ಫೇಸ್ ತಪ್ಪಿದರೆ ಏನಾಗುತ್ತದೆ ಅಂತ ಲೆಕ್ಕ ಹಾಕಿ. ಔಟ್‌ಪುಟ್ ಫೇಸ್ ವ್ಯತ್ಯಾಸದ ಕೋಸೈನ್‌ನಷ್ಟು ಕಡಿಮೆಯಾಗುತ್ತದೆ. 60 ಡಿಗ್ರಿ ತಪ್ಪಿದರೆ ಅರ್ಧ. 90 ಡಿಗ್ರಿ ತಪ್ಪಿದರೆ ಸೊನ್ನೆ. ಸಿಗ್ನಲ್ ಗಾಳಿಯಲ್ಲಿ ಪೂರ್ತಿ ಇದೆ, ಆಂಟೆನಾಕ್ಕೂ ಬಂದಿದೆ, ಆದರೆ ಸ್ಪೀಕರ್‌ನಲ್ಲಿ ಏನೂ ಇಲ್ಲ. ಫ್ರೀಕ್ವೆನ್ಸಿ 2 ಹರ್ಟ್ಸ್ ತಪ್ಪಿತು ಅನ್ನಿ. ಆಗ ಮಾತು ಸೆಕೆಂಡಿಗೆ ನಾಲ್ಕು ಸಲ ಮಾಯವಾಗಿ ನಾಲ್ಕು ಸಲ ಬರುತ್ತದೆ. 10 ಲಕ್ಷ ಹರ್ಟ್ಸ್‌ನಲ್ಲಿ ಬರೀ 2 ಹರ್ಟ್ಸ್ ತಪ್ಪಿದರೆ ಕೇಳುವವರಿಗೆ ಇಷ್ಟು ಕಾಟ.

ಈಗ ನಿಮ್ಮ ಪ್ರಶ್ನೆಗೆ ಬರೋಣ. ಎಎಂ ಅಂದರೆ ಈ ಕಷ್ಟಕ್ಕೆ ಹುಡುಕಿದ ಪರಿಹಾರ. "ಕ್ಯಾರಿಯರ್ ಹುಟ್ಟಿಸಲು ನೀನು ಒದ್ದಾಡಬೇಡ, ನಾನೇ ಕಳಿಸುತ್ತೇನೆ" ಅಂತ ಟ್ರಾನ್ಸ್‌ಮಿಟರ್ ರಿಸೀವರ್‌ಗೆ ಹೇಳುತ್ತದೆ. ಗುಣಿಸಿದ ಸಿಗ್ನಲ್‌ಗೆ ಒಂದು ದೊಡ್ಡ ಕ್ಯಾರಿಯರನ್ನೂ ಕೂಡಿಸಿ ಕಳಿಸುತ್ತದೆ. ಆಗ ತರಂಗದ ಮೇಲಂಚು, ಅಂದರೆ ಎನ್ವಲಪ್, ನೇರವಾಗಿ ಮಾತಿನ ಆಕಾರದಲ್ಲೇ ಇರುತ್ತದೆ. ರಿಸೀವರ್ ಗುಣಿಸಬೇಕಾಗಿಲ್ಲ, ಮೇಲಂಚನ್ನು ಹಿಡಿದುಕೊಂಡರೆ ಆಯಿತು. ಒಂದು ಡಯೋಡ್, ಒಂದು ರೆಸಿಸ್ಟರ್, ಒಂದು ಕೆಪಾಸಿಟರ್ ಸಾಕು.

ಇದಕ್ಕೆ ತೆತ್ತ ಬೆಲೆ ಎಷ್ಟು? ಕ್ಯಾರಿಯರ್ 100 ವಾಟ್ ಇರಲಿ. ಮಾಡ್ಯುಲೇಷನ್ ಇಂಡೆಕ್ಸ್, ಅಂದರೆ ಕ್ಯಾರಿಯರ್‌ಗೆ ಹೋಲಿಸಿದರೆ ಮಾತು ಎಷ್ಟು ದೊಡ್ಡದು ಅನ್ನುವ ಅನುಪಾತ, 1 ಆದಾಗ ಎರಡೂ ಸೈಡ್‌ಬ್ಯಾಂಡ್ ಸೇರಿ 50 ವಾಟ್. ಒಟ್ಟು 150ರಲ್ಲಿ ಮಾತು ಹೊತ್ತಿರುವುದು ಮೂರನೇ ಒಂದು ಭಾಗ ಮಾತ್ರ. ಒಂದೇ ಸ್ವರಕ್ಕೆ ಇದಕ್ಕಿಂತ ಚೆನ್ನಾಗಿ ಆಗುವುದೇ ಇಲ್ಲ. ಇಂಡೆಕ್ಸ್ 0.5 ಆದರೆ ಸೈಡ್‌ಬ್ಯಾಂಡ್‌ಗಳಲ್ಲಿ ಬರೀ 12.5 ವಾಟ್, ಅಂದರೆ ಒಟ್ಟು ಪವರ್‌ನ ಶೇಕಡ 11 ಚಿಲ್ಲರೆ. ಪುಸ್ತಕ ಇದನ್ನು ದಂಡ ಅನ್ನುತ್ತದೆ. ನಾನು ಹಾಗೆ ಅನ್ನುವುದಿಲ್ಲ. ಪ್ರಸಾರದಲ್ಲಿ ಟ್ರಾನ್ಸ್‌ಮಿಟರ್ ಒಂದೇ, ರಿಸೀವರ್‌ಗಳು ಲಕ್ಷಗಟ್ಟಲೆ. ಒಂದು ಕಡೆ ಜಾಸ್ತಿ ಪವರ್ ಸುಟ್ಟು ಲಕ್ಷ ಕಡೆ ಸರ್ಕ್ಯೂಟ್ ಅಗ್ಗ ಮಾಡಿದರು. ಒಬ್ಬರಿಂದ ಒಬ್ಬರಿಗೆ ಮಾತಾಡುವ ರೇಡಿಯೊದಲ್ಲಿ ಈ ಲೆಕ್ಕ ಕೂಡಿ ಬರುವುದಿಲ್ಲ. ಅದಕ್ಕೇ ಅಲ್ಲಿ ಎಸ್‌ಎಸ್‌ಬಿ ಬಂತು.

ಆ ಡಯೋಡ್ ಸರ್ಕ್ಯೂಟ್‌ನ ಹತ್ತಿರ ಸ್ವಲ್ಪ ಹೊತ್ತು ನಿಲ್ಲಿ. ಲ್ಯಾಬ್‌ನಲ್ಲಿ ನಾನು ಮತ್ತೆ ಮತ್ತೆ ನೋಡುವ ತಪ್ಪು ಇಲ್ಲೇ ಆಗುವುದು. ಕ್ಯಾರಿಯರ್ 455 ಕಿಲೋಹರ್ಟ್ಸ್, ಅದರ ಒಂದು ಸುತ್ತಿಗೆ ಸುಮಾರು 2.2 ಮೈಕ್ರೋಸೆಕೆಂಡ್. ವಿದ್ಯಾರ್ಥಿ 10 ಕಿಲೋಓಮ್ ರೆಸಿಸ್ಟರ್ ಮತ್ತು 0.01 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕುತ್ತಾನೆ. ಇವೆರಡರ ಗುಣಲಬ್ಧ, ಅಂದರೆ ಕೆಪಾಸಿಟರ್ ಎಷ್ಟು ಬೇಗ ಖಾಲಿಯಾಗುತ್ತದೆ ಅಂತ ಹೇಳುವ ಟೈಮ್ ಕಾನ್‌ಸ್ಟಂಟ್, 100 ಮೈಕ್ರೋಸೆಕೆಂಡ್. ಇಂಡೆಕ್ಸ್ 0.8 ಇಟ್ಟು 1 ಕಿಲೋಹರ್ಟ್ಸ್ ಸ್ವರ ಕೊಟ್ಟು ಸ್ಕೋಪ್ ನೋಡುತ್ತಾನೆ. ಅಂದವಾದ ಸೈನ್ ತರಂಗ. ಖುಷಿಯಾಗಿ ರೆಕಾರ್ಡ್ ಬರೆಯುತ್ತಾನೆ. ಆಮೇಲೆ ನಾನು ಹೋಗಿ ಸ್ವರವನ್ನು 5 ಕಿಲೋಹರ್ಟ್ಸ್‌ಗೆ ತಿರುಗಿಸುತ್ತೇನೆ. ತರಂಗ ಮೇಲೇರುವಾಗ ಸರಿಯಾಗಿದೆ. ಇಳಿಯುವಾಗ ಮಾತ್ರ ಎನ್ವಲಪ್ ಸರ್ರನೆ ಕೆಳಗೆ ಹೋಗುತ್ತದೆ, ಔಟ್‌ಪುಟ್ ಅದರ ಹಿಂದೆ ಓಡಲಾರದೆ ಓರೆ ಗೆರೆಯಾಗಿ ನಿಧಾನ ಇಳಿಯುತ್ತದೆ. ಕೆಪಾಸಿಟರ್ ಚಾರ್ಜ್ ಆಗುವುದು ಡಯೋಡ್ ಮೂಲಕ, ಬೇಗ ಆಗುತ್ತದೆ. ಖಾಲಿಯಾಗುವುದು ರೆಸಿಸ್ಟರ್ ಮೂಲಕ, ಅದು ನಿಧಾನ. ಇದಕ್ಕೆ ಡಯಾಗನಲ್ ಕ್ಲಿಪ್ಪಿಂಗ್ ಅಂತ ಹೆಸರು.

ಎಷ್ಟಿರಬೇಕಿತ್ತು? ಇಂಡೆಕ್ಸ್‌ನ ವರ್ಗವನ್ನು 1ರಿಂದ ಕಳೆದು ವರ್ಗಮೂಲ ತೆಗೆಯಿರಿ. ಅದನ್ನು ಇಂಡೆಕ್ಸ್‌ನಿಂದ, ಮತ್ತೆ ಸ್ವರದ ಕೋನೀಯ ಫ್ರೀಕ್ವೆನ್ಸಿಯಿಂದ ಭಾಗಿಸಿ. 0.8ಕ್ಕೆ, 5 ಕಿಲೋಹರ್ಟ್ಸ್‌ಗೆ ಸುಮಾರು 24 ಮೈಕ್ರೋಸೆಕೆಂಡ್ ಬರುತ್ತದೆ. ಟೈಮ್ ಕಾನ್‌ಸ್ಟಂಟ್ ಅದರೊಳಗೆ ಇರಬೇಕು. ಹಾಗಂತ ತೀರಾ ಇಳಿಸಿ 1 ಮೈಕ್ರೋಸೆಕೆಂಡ್ ಮಾಡಿದರೆ ಕ್ಯಾರಿಯರ್‌ನ ಒಂದು ಸುತ್ತು ಮುಗಿಯುವ ಮೊದಲೇ ಕೆಪಾಸಿಟರ್ ಖಾಲಿಯಾಗಿ ಔಟ್‌ಪುಟ್ ಪೂರ್ತಿ ಗರಗಸದ ಹಲ್ಲು. ಹಾಗಾಗಿ ಅದೇ 10 ಕಿಲೋಓಮ್ ಜೊತೆ 2 ನ್ಯಾನೋಫ್ಯಾರಡ್ ಹಾಕಿದರೆ 20 ಮೈಕ್ರೋಸೆಕೆಂಡ್, ಎರಡೂ ಕಡೆಗೆ ಹೊಂದುತ್ತದೆ. ಇಂಡೆಕ್ಸ್ 1 ಆದರೆ ಈ ಸೂತ್ರ ಸೊನ್ನೆ ಕೊಡುತ್ತದೆ, ಗಮನಿಸಿ. ಅಂದರೆ ಪೂರ್ತಿ 100 ಶೇಕಡ ಮಾಡ್ಯುಲೇಷನ್‌ನಲ್ಲಿ ಈ ಸರ್ಕ್ಯೂಟ್ ಎನ್ವಲಪ್‌ನ ತಳವನ್ನು ಚಾಚೂ ತಪ್ಪದೆ ಹಿಂಬಾಲಿಸಲಾರದು. 1 ದಾಟಿದರಂತೂ ಎನ್ವಲಪ್ ಮಾತಿನ ಆಕಾರವನ್ನೇ ಬಿಟ್ಟುಬಿಡುತ್ತದೆ. ಕ್ಯಾರಿಯರ್‌ನ ಫೇಸ್ ತಿರುಗಿ ಬೀಳುತ್ತದೆ, ಡಯೋಡ್‌ಗೆ ಅದು ಕಾಣುವುದಿಲ್ಲ.

ಎಸ್‌ಎಸ್‌ಬಿಯ ಯೋಚನೆ ಸರಳ. ಎರಡು ಸೈಡ್‌ಬ್ಯಾಂಡ್‌ನಲ್ಲಿರುವುದೂ ಅದೇ ಮಾತು, ಒಂದು ಇನ್ನೊಂದರ ಕನ್ನಡಿ. ಹಾಗಿದ್ದರೆ ಒಂದೇ ಸಾಕು. ಅಮೆರಿಕದ ಎಂಜಿನಿಯರ್ ಜಾನ್ ಕಾರ್ಸನ್ 1915ರಲ್ಲೇ ಇದಕ್ಕೆ ಪೇಟೆಂಟ್ ಅರ್ಜಿ ಹಾಕಿದ್ದರು. ಬ್ಯಾಂಡ್‌ವಿಡ್ತ್, ಅಂದರೆ ಸಿಗ್ನಲ್‌ಗೆ ಬೇಕಾದ ಫ್ರೀಕ್ವೆನ್ಸಿಯ ಜಾಗ, ಅರ್ಧಕ್ಕೆ ಇಳಿಯಿತು, ಕ್ಯಾರಿಯರ್‌ಗೆ ಪವರ್ ಹೋಗುವುದೂ ತಪ್ಪಿತು. ಬೆಲೆ ಮತ್ತೆ ರಿಸೀವರ್‌ನ ತಲೆಗೆ ಬಂತು. ಆದರೆ ಇಲ್ಲಿ ಫ್ರೀಕ್ವೆನ್ಸಿ 2 ಹರ್ಟ್ಸ್ ತಪ್ಪಿದರೆ ಮಾತು ಮಾಯವಾಗುವುದಿಲ್ಲ. ಎಲ್ಲ ಸ್ವರವೂ 2 ಹರ್ಟ್ಸ್ ಸರಿಯುತ್ತದೆ ಅಷ್ಟೆ, ಕಿವಿಗೆ ಗೊತ್ತೇ ಆಗದು. 50 ಹರ್ಟ್ಸ್ ತಪ್ಪಿದರೆ ಗೊತ್ತಾಗುತ್ತದೆ. ದನಿಯಲ್ಲಿ 200, 400, 600 ಇದ್ದದ್ದು 250, 450, 650 ಆಗುತ್ತದೆ. ಒಂದಕ್ಕೊಂದು ಇದ್ದ ಅನುಪಾತ ಮುರಿದು ದನಿ ವಿಚಿತ್ರವಾಗುತ್ತದೆ. ಮಾತು ಅರ್ಥವಾಗುತ್ತದೆ, ಸಂಗೀತ ಮಾತ್ರ ಕೇಳಲಾಗುವುದಿಲ್ಲ.

ಡಿಎಸ್‌ಬಿಯ ಫೇಸ್ ತೊಂದರೆ ಮತ್ತು ಎಸ್‌ಎಸ್‌ಬಿಯ ಫ್ರೀಕ್ವೆನ್ಸಿ ಸರಿತ, ಈ ಎರಡನ್ನೂ ಪುಸ್ತಕ ಮುಚ್ಚಿಟ್ಟು ಹಾಳೆಯ ಮೇಲೆ ಸ್ವಂತವಾಗಿ ಬಿಡಿಸಿ. ಇದು ಕೂತರೆ ತಿರುಗಿಸಿ ಕೇಳಿದ ಪ್ರಶ್ನೆಗಳಿಗೆ ನೀವು ಹೆದರಬೇಕಾಗಿಲ್ಲ.

ಅದೇ ಗುಣಾಕಾರ ಇನ್ನೊಂದು ಕಡೆ ವೇಷ ಬದಲಿಸಿ ಬರುತ್ತದೆ, ಸೂಪರ್‌ಹೆಟ್ ರಿಸೀವರ್‌ನಲ್ಲಿ. ಅಮೆರಿಕದ ಇನ್ನೊಬ್ಬ ಎಂಜಿನಿಯರ್ ಎಡ್ವಿನ್ ಆರ್ಮ್‌ಸ್ಟ್ರಾಂಗ್ 1918ರಲ್ಲಿ ಇದನ್ನು ರೂಪಿಸಿದರು. ಪ್ರತಿ ಸ್ಟೇಷನ್‌ಗೂ ಫಿಲ್ಟರ್ ತಿರುಗಿಸುವ ಬದಲು, ಎಲ್ಲ ಸ್ಟೇಷನ್‌ಗಳನ್ನೂ ಒಂದೇ ಫ್ರೀಕ್ವೆನ್ಸಿಗೆ ಇಳಿಸಿ, ಅಲ್ಲಿ ಒಂದು ಒಳ್ಳೆಯ ಫಿಲ್ಟರ್ ಖಾಯಂ ಇಡುವುದು. ಎಎಂ ರೇಡಿಯೊದಲ್ಲಿ ಅದು ಸಾಮಾನ್ಯವಾಗಿ 455 ಕಿಲೋಹರ್ಟ್ಸ್. 600 ಕಿಲೋಹರ್ಟ್ಸ್ ಸ್ಟೇಷನ್ ಬೇಕು ಅಂದರೆ ಒಳಗಿನ ಆಸಿಲೇಟರ್ 1055ರಲ್ಲಿ ಓಡುತ್ತದೆ, ವ್ಯತ್ಯಾಸ 455. ಆದರೆ 1510ಕ್ಕೂ 1055ಕ್ಕೂ ವ್ಯತ್ಯಾಸ 455ವೇ! ಕೋಸೈನ್‌ಗೆ ಪ್ಲಸ್ ಯಾವುದು, ಮೈನಸ್ ಯಾವುದು ಗೊತ್ತಾಗುವುದಿಲ್ಲ. ಹಾಗಾಗಿ 1510ರ ಸ್ಟೇಷನ್ 600ರ ಮೇಲೆ ಬಂದು ಕೂರುತ್ತದೆ. ಇಮೇಜ್ ಫ್ರೀಕ್ವೆನ್ಸಿ ಅಂದರೆ ಇಷ್ಟೇ. ಅದನ್ನು ಗುಣಿಸುವ ಮೊದಲೇ ತಡೆಯಬೇಕು, ಗುಣಿಸಿದ ಮೇಲೆ ಯಾವ ಫಿಲ್ಟರ್‌ಗೂ ಬೇರೆ ಮಾಡಲು ಆಗದು. ಎಫ್‌ಎಂ ರೇಡಿಯೊದಲ್ಲಿ ಮಧ್ಯದ ಫ್ರೀಕ್ವೆನ್ಸಿ 10.7 ಮೆಗಾಹರ್ಟ್ಸ್. ಎರಡು ಪಟ್ಟು ಮಾಡಿದರೆ 21.4. ಎಫ್‌ಎಂ ಬ್ಯಾಂಡ್ 87.5ರಿಂದ 108, ಅಗಲ 20.5. ಅಂದರೆ ಒಂದು ಎಫ್‌ಎಂ ಸ್ಟೇಷನ್‌ನ ಇಮೇಜ್ ಇನ್ನೊಂದು ಎಫ್‌ಎಂ ಸ್ಟೇಷನ್ ಆಗುವುದೇ ಸಾಧ್ಯವಿಲ್ಲ. ಈ ಲೆಕ್ಕವನ್ನು ಕ್ಲಾಸಿನಲ್ಲಿ ಹೇಳಿದಾಗ ಹುಡುಗರ ಮುಖ ಅರಳುವುದನ್ನು ನೋಡಲು ನನಗೆ ತುಂಬಾ ಇಷ್ಟ. 10.7 ಅನ್ನುವುದು ಬಾಯಿಪಾಠದ ಸಂಖ್ಯೆ ಅಲ್ಲ, ಅದಕ್ಕೆ ಕಾರಣ ಇದೆ.

ಎಫ್‌ಎಂಗೆ ಬಂದರೆ ಆಟವೇ ಬೇರೆ. ಇಲ್ಲಿ ಮಾತು ಕ್ಯಾರಿಯರ್‌ನ ಎತ್ತರವನ್ನು ಮುಟ್ಟುವುದಿಲ್ಲ, ಅದರ ಓಟವನ್ನು ಬದಲಿಸುತ್ತದೆ. ವಿದ್ಯಾರ್ಥಿಗಳು ಇಲ್ಲಿ ಎರಡು ಫ್ರೀಕ್ವೆನ್ಸಿಗಳನ್ನು ಕಲಸಿಬಿಡುತ್ತಾರೆ. ಬಿಡಿಸಿ ಹೇಳುತ್ತೇನೆ. ಕ್ಯಾರಿಯರ್ ಎಷ್ಟು ದೂರ ಸರಿಯುತ್ತದೆ ಅನ್ನುವುದು ಮಾತಿನ ಜೋರಿನಿಂದ. ಎಷ್ಟು ಸಲ ಅತ್ತಿಂದಿತ್ತ ಹೋಗುತ್ತದೆ ಅನ್ನುವುದು ಮಾತಿನ ಸ್ವರದಿಂದ. ಒಂದೇ ಜೋರಿನ 1 ಕಿಲೋಹರ್ಟ್ಸ್ ಮತ್ತು 2 ಕಿಲೋಹರ್ಟ್ಸ್ ಸ್ವರ ಕೊಟ್ಟರೆ ಎರಡೂ ಕ್ಯಾರಿಯರನ್ನು ಅಷ್ಟೇ ದೂರ ತಳ್ಳುತ್ತವೆ, 75 ಕಿಲೋಹರ್ಟ್ಸ್ ಅನ್ನಿ. ಆದರೆ ಒಂದು ಸೆಕೆಂಡಿಗೆ 1000 ಸಲ ತಳ್ಳುತ್ತದೆ, ಇನ್ನೊಂದು 2000 ಸಲ. ಇಲ್ಲಿ ಇಂಡೆಕ್ಸ್ ಅಂದರೆ ಸರಿದ ದೂರವನ್ನು ಸ್ವರದಿಂದ ಭಾಗಿಸಿದ್ದು: ಮೊದಲನೆಯದಕ್ಕೆ 75, ಎರಡನೆಯದಕ್ಕೆ 37.5. ಫೇಸ್ ಮಾಡ್ಯುಲೇಷನ್‌ನಲ್ಲಾದರೆ ಇಂಡೆಕ್ಸ್ ಎರಡಕ್ಕೂ ಒಂದೇ, ದೂರ ಬದಲಾಗುತ್ತದೆ. ಎರಡಕ್ಕೂ ಇರುವ ವ್ಯತ್ಯಾಸ ಇದೇ.

ಕ್ಯಾರಿಯರ್ ತುಸುವೇ ಸರಿದರೆ ಬ್ಯಾಂಡ್‌ವಿಡ್ತ್ ಉಳಿಯುತ್ತದೆ ಅಂತ ಮೊದಮೊದಲು ಹಲವರು ನಂಬಿದ್ದರು. ಇದು ತಪ್ಪು ಅಂತ ಅದೇ ಕಾರ್ಸನ್ 1922ರಲ್ಲಿ ಗಣಿತದಿಂದ ತೋರಿಸಿದರು. ಎಷ್ಟು ಕಡಿಮೆ ಸರಿಸಿದರೂ ಸ್ವರದ ಎರಡು ಪಟ್ಟು ಜಾಗ ಬೇಕೇ ಬೇಕು. ಅವರ ಲೆಕ್ಕ ಸರಿಯಿತ್ತು. ಆದರೆ ಅದರಿಂದ ಎಫ್‌ಎಂನಿಂದ ಲಾಭವೇ ಇಲ್ಲ ಅನ್ನುವ ತೀರ್ಮಾನಕ್ಕೂ ಬಂದರು, ಅದು ಸರಿಯಿರಲಿಲ್ಲ. ಆರ್ಮ್‌ಸ್ಟ್ರಾಂಗ್ ತಿರುಗಿಸಿ ಯೋಚಿಸಿದರು. ಜಾಗ ಉಳಿಸುವುದನ್ನು ಬಿಡೋಣ, ಬೇಕೆಂದೇ ಜಾಸ್ತಿ ಜಾಗ ತೆಗೆದುಕೊಂಡರೆ ಏನು ಸಿಗುತ್ತದೆ? 1933ರಲ್ಲಿ ಅವರಿಗೆ ಪೇಟೆಂಟ್ ಸಿಕ್ಕಿತು, 1935ರಲ್ಲಿ ನ್ಯೂಯಾರ್ಕ್‌ನಲ್ಲಿ ಎಂಜಿನಿಯರುಗಳ ಮುಂದೆ ಮಾಡಿ ತೋರಿಸಿದರು. ಸಿಕ್ಕಿದ್ದು ನಿಶ್ಶಬ್ದ.

ಅದು ಹೇಗೆ ಅಂತ ಚಿತ್ರ ಬರೆದು ನೋಡಿ. ಕ್ಯಾರಿಯರ್ ಒಂದು ಉದ್ದ ಬಾಣ. ನಾಯ್ಸ್, ಅಂದರೆ ಬೇಡದ ಗದ್ದಲ, ಅದರ ತುದಿಗೆ ಅಂಟಿಕೊಂಡ ಸಣ್ಣ ಬಾಣ, ಎಲ್ಲ ದಿಕ್ಕಿಗೂ ಚಡಪಡಿಸುತ್ತಿದೆ. ಅದು ಉದ್ದ ಬಾಣದ ಉದ್ದವನ್ನು ಬದಲಿಸಿದರೆ ಎಎಂ ಕೆಡುತ್ತದೆ. ಎಫ್‌ಎಂ ರಿಸೀವರ್‌ನಲ್ಲಿ ಲಿಮಿಟರ್ ಉದ್ದದ ಬದಲಾವಣೆಯನ್ನು ಕತ್ತರಿಸಿ ಬಿಸಾಡುತ್ತದೆ. ಉಳಿಯುವುದು ಕೋನದ ಚಿಕ್ಕ ಅಲುಗಾಟ. ನಮ್ಮ ಮಾತು ಕೋನವನ್ನು ದೊಡ್ಡದಾಗಿ ತಿರುಗಿಸುತ್ತಿದ್ದರೆ ಆ ಚಿಕ್ಕ ಅಲುಗಾಟ ಅದರ ಮುಂದೆ ಏನೂ ಅಲ್ಲ. ಇಂಡೆಕ್ಸ್ 5 ಇದ್ದಾಗ, ಅಷ್ಟೇ ಪವರ್‌ನ ಪೂರ್ತಿ ಮಾಡ್ಯುಲೇಟ್ ಆದ ಎಎಂಗಿಂತ ಎಫ್‌ಎಂನ ಸಿಗ್ನಲ್ ಮತ್ತು ನಾಯ್ಸ್ ಅನುಪಾತ 112 ಪಟ್ಟು, ಅಂದರೆ 20 ಡೆಸಿಬೆಲ್‌ಗಿಂತ ಜಾಸ್ತಿ ಒಳ್ಳೆಯದು. ಬೆಲೆ ಬ್ಯಾಂಡ್‌ವಿಡ್ತ್‌ನಲ್ಲಿ. ಕಾರ್ಸನ್ ನಿಯಮ ಹಾಕಿ: ಕ್ಯಾರಿಯರ್ ಸರಿಯುವ 75 ಮತ್ತು ಅತಿ ಎತ್ತರದ ಸ್ವರದ 15 ಕೂಡಿಸಿ ಎರಡು ಪಟ್ಟು ಮಾಡಿದರೆ 180 ಕಿಲೋಹರ್ಟ್ಸ್. ಅದೇ 15 ಕಿಲೋಹರ್ಟ್ಸ್ ಸಂಗೀತಕ್ಕೆ ಎಎಂನಲ್ಲಿ 30 ಸಾಕಿತ್ತು.

ಈ ಲಾಭಕ್ಕೂ ಒಂದು ಮಿತಿ ಇದೆ. ರಿಸೀವರ್‌ಗೆ ಬರುವ ಕ್ಯಾರಿಯರ್ ನಾಯ್ಸ್‌ಗಿಂತ ಸುಮಾರು 10 ಡೆಸಿಬೆಲ್ ಮೇಲಿರಬೇಕು. ಕೆಳಗಿಳಿದರೆ ಸಣ್ಣ ಬಾಣ ಆಗಾಗ ದೊಡ್ಡದರಷ್ಟೇ ಬೆಳೆದು ಒಟ್ಟು ಕೋನವನ್ನು ಒಂದು ಪೂರ್ತಿ ಸುತ್ತು ತಿರುಗಿಸಿಬಿಡುತ್ತದೆ. ಸ್ಪೀಕರ್‌ನಲ್ಲಿ ಅದು ಟಪ್ ಅಂತ ಕೇಳುತ್ತದೆ. ಇನ್ನೂ ಇಳಿದರೆ ಟಪಟಪ, ಆಮೇಲೆ ಬರೀ ಬುಸ್ ಸದ್ದು. ಎಎಂ ನಿಧಾನವಾಗಿ ಮಸುಕಾಗುತ್ತದೆ, ಎಫ್‌ಎಂ ಥಟ್ಟನೆ ಬೀಳುತ್ತದೆ.

ಇಲ್ಲೇ ಒಂದು ಮಾತು. ವಿಮಾನದ ಪೈಲಟ್‌ಗಳು ನಿಯಂತ್ರಣ ಗೋಪುರದ ಜೊತೆ 118ರಿಂದ 137 ಮೆಗಾಹರ್ಟ್ಸ್‌ನಲ್ಲಿ ಮಾತಾಡುವುದು ಇವತ್ತಿಗೂ ಎಎಂನಲ್ಲೇ. ಎಫ್‌ಎಂನಲ್ಲಿ ಇಬ್ಬರು ಒಟ್ಟಿಗೆ ಮಾತಾಡಿದರೆ ಜೋರಿರುವವರದ್ದು ಮಾತ್ರ ಕೇಳುತ್ತದೆ, ಇನ್ನೊಬ್ಬರು ಪೂರ್ತಿ ಮುಚ್ಚಿಹೋಗುತ್ತಾರೆ. ಇದು ಕ್ಯಾಪ್ಚರ್ ಎಫೆಕ್ಟ್. ಎಎಂನಲ್ಲಿ ಎರಡೂ ಸೇರಿ ಸಿಳ್ಳೆಯ ಹಾಗೆ ಕೇಳುತ್ತದೆ. ಇನ್ನೊಬ್ಬರೂ ಕರೆಯುತ್ತಿದ್ದಾರೆ ಅಂತ ಗೋಪುರಕ್ಕೆ ಗೊತ್ತಾಗುತ್ತದೆ. ಆಕಾಶದಲ್ಲಿ ಆ ಗುಣ ಬೇಕು. ಯಾವ ವಿಧಾನ ಒಳ್ಳೆಯದು ಅಂತ ಕೇಳುವ ಮೊದಲು ಯಾವ ಕೆಲಸಕ್ಕೆ ಅಂತ ಕೇಳಬೇಕು.

ಇನ್ನು ಡಿಜಿಟಲ್ ವಿಚಾರ. ನಿಮ್ಮ ಫೋನ್ ಬಿಟ್‌ಗಳನ್ನು ಕಳಿಸುತ್ತದೆ ನಿಜ, ಆದರೆ ಗಾಳಿಯಲ್ಲಿ ಬಿಟ್ ಓಡುವುದಿಲ್ಲ, ತರಂಗವೇ ಓಡುವುದು. ಕ್ವಾಡ್ರೇಚರ್ ಮಾಡ್ಯುಲೇಷನ್ ಅನ್ನುವುದು ಏನು? ಒಂದೇ ಜಾಗದಲ್ಲಿ ಎರಡು ಡಿಎಸ್‌ಬಿ, ಒಂದು ಕೋಸೈನ್ ಮೇಲೆ, ಇನ್ನೊಂದು ಸೈನ್ ಮೇಲೆ. 90 ಡಿಗ್ರಿ ತಪ್ಪಿದರೆ ಔಟ್‌ಪುಟ್ ಸೊನ್ನೆ ಅಂತ ಮೇಲೆ ಹೇಳಿದೆನಲ್ಲ, ಅಲ್ಲಿ ಕಾಟವಾಗಿದ್ದದ್ದು ಇಲ್ಲಿ ವರ. ಕೋಸೈನ್‌ನಿಂದ ಗುಣಿಸಿದರೆ ಸೈನ್ ಮೇಲಿರುವ ಮಾತು ಕಾಣುವುದೇ ಇಲ್ಲ, ಸೈನ್‌ನಿಂದ ಗುಣಿಸಿದರೆ ಇನ್ನೊಂದು ಕಾಣುವುದಿಲ್ಲ. ಒಂದು ದಾರಿಯಲ್ಲಿ ಎರಡು ಮಾತು. ಮತ್ತೆ ರಿಸೀವರ್‌ನ ಫೇಸ್ ತಪ್ಪಿದರೆ ಒಂದರದ್ದು ಇನ್ನೊಂದಕ್ಕೆ ಸೋರುತ್ತದೆ. ಇಮೇಜ್ ಫ್ರೀಕ್ವೆನ್ಸಿ, ಫೇಸ್ ಹಿಡಿಯುವುದು, ನಾಯ್ಸ್ ಲೆಕ್ಕ, ಇವೆಲ್ಲ ಅಲ್ಲೂ ಇವೆ. ಮುಂದಿನ ಸೆಮಿಸ್ಟರ್‌ನ ಡಿಜಿಟಲ್ ಕಮ್ಯುನಿಕೇಷನ್ ಕಷ್ಟ ಅನ್ನುವವರಲ್ಲಿ ಹೆಚ್ಚಿನವರಿಗೆ ಬಿಟ್‌ಗಳು ಕಷ್ಟವಾಗಿರುವುದಿಲ್ಲ, ಈ ಗುಣಾಕಾರ ಕೂತಿರುವುದಿಲ್ಲ. ಇದು ನಾನು ಪಾಠ ಮಾಡಿ ಕಂಡುಕೊಂಡದ್ದು.

ಓದುವ ರೀತಿಗೆ ಒಂದೇ ಸಲಹೆ. ಪ್ರತಿ ಸಿಗ್ನಲ್‌ಗೂ ಎರಡು ಚಿತ್ರ ಬರೆಯಿರಿ, ಒಂದು ಸಮಯದ್ದು, ಒಂದು ಫ್ರೀಕ್ವೆನ್ಸಿಯದ್ದು. ಒಂದರಿಂದ ಇನ್ನೊಂದಕ್ಕೆ ಹೋಗುವ ಫೂರಿಯೆ ಗಣಿತ ಮರೆತಿದ್ದರೆ ಒಂದು ವಾರ ಅದಕ್ಕೇ ಕೊಡಿ, ನಷ್ಟವಿಲ್ಲ. ಎಫ್‌ಎಂನ ಕ್ಯಾರಿಯರ್ ಮತ್ತು ಸೈಡ್‌ಬ್ಯಾಂಡ್‌ಗಳ ಎತ್ತರ ಹೇಳುವ ಬೆಸೆಲ್ ಕೋಷ್ಟಕವನ್ನು ಬಾಯಿಪಾಠ ಮಾಡಬೇಡಿ. ಇಂಡೆಕ್ಸ್ 2.405ರಲ್ಲಿ ಕ್ಯಾರಿಯರ್ ಪೂರ್ತಿ ಮಾಯವಾಗುತ್ತದೆ ಅನ್ನುವುದನ್ನು ಮಾತ್ರ ನೆನಪಿಡಿ, ಲ್ಯಾಬ್‌ನಲ್ಲಿ ಕ್ಯಾರಿಯರ್ ಎಷ್ಟು ದೂರ ಸರಿಯುತ್ತದೆ ಅಂತ ಅಳೆಯಲು ಅದು ಕೆಲಸಕ್ಕೆ ಬರುತ್ತದೆ.

ಮತ್ತೆ, ಇವತ್ತು ರಾತ್ರಿ ಒಂದು ಗಂಟೆ ಇದ್ದರೆ ಹೀಗೆ ಮಾಡಿ. ನಿಮ್ಮ ದನಿಯನ್ನೇ ಹತ್ತು ಸೆಕೆಂಡ್ 48 ಕಿಲೋಹರ್ಟ್ಸ್‌ನಲ್ಲಿ ರೆಕಾರ್ಡ್ ಮಾಡಿ. ಪೈಥಾನ್‌ಗೆ ಹಾಕಿ 4 ಕಿಲೋಹರ್ಟ್ಸ್‌ಗಿಂತ ಮೇಲಿನದನ್ನು ಫಿಲ್ಟರ್ ಮಾಡಿ, 10 ಕಿಲೋಹರ್ಟ್ಸ್ ಕೋಸೈನ್‌ನಿಂದ ಗುಣಿಸಿ. ಕೇಳಿ ನೋಡಿ, ಚಿಲಿಪಿಲಿ ಬಿಟ್ಟು ಏನೂ ಅರ್ಥವಾಗದು. ಮತ್ತೊಮ್ಮೆ ಅದರಿಂದಲೇ ಗುಣಿಸಿ, ಫಿಲ್ಟರ್ ಮಾಡಿ, ನಿಮ್ಮ ಮಾತು ವಾಪಸ್ ಬರುತ್ತದೆ. ಈಗ ಎರಡನೇ ಸಲ ಗುಣಿಸುವಾಗ ಕೋಸೈನ್ ಬದಲು ಸೈನ್ ಹಾಕಿ. ಆಮೇಲೆ 10,000ದ ಬದಲು 10,002 ಹಾಕಿ, ಹೆಡ್‌ಫೋನ್ ಹಾಕಿಕೊಂಡು ಕೇಳಿ.